ಕೋಚ್ ಆಗಿ ಫಾರಿನ್‌ಗೆ ಹೋಗ್ಬೇಕಾ? ಶಿವಮೊಗ್ಗ, ಮಲೆನಾಡು ಕಡೆಯವರಿಗೆ ವೀಸಾ ದಾರಿಗಳು

ಈಚೆಗೆ ನಮ್ಮ ಕಡೆ ಕೋಚ್‌ಗಳು ಯಾರೇ ಸಿಕ್ಲಿ, ಮಾತು ಸುತ್ತಿ ಬಳಸಿ ಅಲ್ಲಿಗೇ ಬರತ್ತೆ, ಆಸ್ಟ್ರೇಲಿಯಾದಲ್ಲಿ ಕೋಚ್‌ಗಳಿಗೆ ವೀಸಾ ಕೊಡ್ತಾರಂತೆ ಹೌದಾ, ಕೆನಡಾದಲ್ಲಿ ಪಿಆರ್ (ಖಾಯಂ ಆಗಿ ಅಲ್ಲೇ ಇರೋ ಅನುಮತಿ) ಸಿಗತ್ತಂತೆ ಹೌದಾ, ಎಷ್ಟು ಲಕ್ಷ ಬೇಕು ಮಾರಾಯ್ರೆ ಅಂತ. ಕೊಡ್ತಾರೆ, ಸುಳ್ಳಲ್ಲ. ಕೋಚ್ ಕೆಲಸ ಸುಮಾರು ದೇಶಗಳ ಪಟ್ಟಿಯಲ್ಲಿದೆ. ಆದ್ರೆ ಲಕ್ಷದ ಲೆಕ್ಕ ಆಮೇಲೆ ಹಾಕೋಣ, ಮೊದಲು ಕಾಗದದ ಲೆಕ್ಕ. ಹುಡುಗರನ್ನ ಸ್ಟೇಟ್ ಲೆವೆಲ್‌ವರೆಗೂ ತಗೊಂಡು ಹೋದ ಕೋಚ್‌ಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಹತ್ರ ಫೋಟೋ ಇದೆ, ಟ್ರೋಫಿ ಇದೆ, ಪೇಪರ್ ಕಟಿಂಗ್ ಇದೆ, ಆದ್ರೆ ಇಂತಿಷ್ಟು ವರ್ಷ ಇಂತಿಷ್ಟು ಸಂಬಳಕ್ಕೆ ಇಲ್ಲಿ ಕೋಚ್ ಆಗಿದ್ದೆ ಅಂತ ತೋರಿಸೋ ಒಂದು ಸರಿಯಾದ ಕಾಗದ ಇರಲ್ಲ. ವೀಸಾ ಆಫೀಸರ್ ನಿಮ್ಮ ಹುಡುಗರು ಓಡೋದು ನೋಡಕ್ಕೆ ನೆಹರೂ ಸ್ಟೇಡಿಯಂಗೆ ಬರಲ್ಲ. ಅದಕ್ಕೇ ಇಲ್ಲಿ ಕಾಗದದ ವಿಷಯ ಜಾಸ್ತಿ ಬರೆದಿದೀನಿ, ಬೋರಾದ್ರೂ ಬಿಡದೆ ಓದಿ.

ಒಟ್ಟಾರೆ ದಾರಿ ಮೂರು ಥರ. ಒಂದು, ವಯಸ್ಸು, ಓದು, ಅನುಭವ, ಇಂಗ್ಲಿಷ್‌ಗೆ ಕೊಡೋ ಪಾಯಿಂಟ್ಸ್ ಮೇಲೆ ನಾವೇ ಅರ್ಜಿ ಹಾಕಿ ಪಿಆರ್ ತಗೊಳ್ಳೋದು. ಎರಡು, ಅಲ್ಲಿನ ಕ್ಲಬ್ಬೋ ಅಕಾಡೆಮಿಯೋ ಕೆಲಸ ಕೊಟ್ಟು ಸ್ಪಾನ್ಸರ್ ಮಾಡೋದು. ಮೂರು, ಕ್ರೀಡೆಗೆ ಅಂತಲೇ ಇರೋ ವೀಸಾ, ಇದಕ್ಕೆ ಆ ದೇಶದ ಕ್ರೀಡಾ ಸಂಸ್ಥೆ ನಿಮ್ಮ ಪರವಾಗಿ ಪತ್ರ ಕೊಡ್ಬೇಕು. ಬಸ್‌ಸ್ಟ್ಯಾಂಡ್ ಹತ್ರದ ಬೋರ್ಡ್‌ಗಳಲ್ಲಿ ಕಾಣೋದು ಬರೀ ಮೊದಲನೇದು, ಯಾಕಂದ್ರೆ ಏಜೆಂಟರಿಗೆ ಮಾರಕ್ಕೆ ಸುಲಭ ಅದೇ. ನನ್ನ ಕೇಳಿದ್ರೆ ಬಹಳಷ್ಟು ಕೋಚ್‌ಗಳಿಗೆ ಆಗೋ ಹೋಗೋ ದಾರಿ ಎರಡನೇದು.

ಮೊದಲು, ನಿಮ್ಮದು ಯಾವ ಕೆಲಸ ಅಂತ ತೀರ್ಮಾನ ಮಾಡ್ಕೊಳ್ಳಿ

ನಮ್ಮೂರಲ್ಲಿ ಶಾಲೆಯಲ್ಲಿ ಪಿಟಿ ಪೀರಿಯಡ್ ತಗೊಳ್ಳೋರು, ಸಂಜೆ ವಾಲಿಬಾಲ್ ಟೀಮ್ ಕಟ್ಟೋರು, ಬೇಸಿಗೆ ಕ್ಯಾಂಪಲ್ಲಿ ಈಜು ಕಲಿಸೋರು ಎಲ್ಲಾ ಒಬ್ಬರೇ ಆಗಿರ್ತಾರೆ, ಜನ ‘ಪಿಟಿ ಮೇಷ್ಟ್ರು’ ಅಂತಾರೆ, ಮುಗೀತು. ಹೊರದೇಶದ ವೀಸಾ ಪಟ್ಟಿಯಲ್ಲಿ ಪ್ರತಿ ಕೆಲಸಕ್ಕೂ ಒಂದು ಕೋಡ್ ನಂಬರ್ ಇರತ್ತೆ, ಅಲ್ಲಿ ಇವು ಮೂರೂ ಬೇರೆ ಬೇರೆ ಕೋಡ್, ಬೇರೆ ಬೇರೆ ಹಣೆಬರಹ.

ಕೆನಡಾದ್ದೇ ನೋಡಿ. ಸ್ಪರ್ಧೆಗೆ ಅಂತ ಆಟಗಾರರನ್ನ, ತಂಡಗಳನ್ನ ತಯಾರು ಮಾಡೋ ಕೋಚ್‌ಗೆ ಕೋಡ್ 53201, ಇದು ಟಿಯರ್ 3 (ಟಿಯರ್ ಅಂದ್ರೆ ಕೆಲಸಕ್ಕೆ ಬೇಕಾದ ತರಬೇತಿಯ ದರ್ಜೆ), ಎಕ್ಸ್‌ಪ್ರೆಸ್ ಎಂಟ್ರಿಗೆ, ಅಂದ್ರೆ ಕೆನಡಾದ ಪಾಯಿಂಟ್ಸ್ ದಾರಿಗೆ, ನಡೆಯತ್ತೆ. ಮನರಂಜನೆಗೆ, ಫಿಟ್‌ನೆಸ್‌ಗೆ ಕಲಿಸೋ ಇನ್‌ಸ್ಟ್ರಕ್ಟರ್‌ಗೆ 54100, ಅದು ಟಿಯರ್ 4, ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಲೆಕ್ಕಕ್ಕೇ ಇಲ್ಲ. ಒಂದೇ ಸ್ವಿಮ್ಮಿಂಗ್ ಪೂಲಲ್ಲಿ ಬೆಳಗ್ಗೆ ಜಿಲ್ಲಾ ಮಟ್ಟದ ಹುಡುಗರಿಗೆ ಟೈಮಿಂಗ್ ಹಿಡಿದು ಟ್ರೇನ್ ಮಾಡೋದೂ ನೀವೇ, ಹತ್ತು ಗಂಟೆ ಮೇಲೆ ಚಿಕ್ಕ ಮಕ್ಕಳಿಗೆ ನೀರಿನ ಭಯ ಬಿಡಿಸೋದೂ ನೀವೇ, ಆದ್ರೆ ನಿಮ್ಮ ಪತ್ರದಲ್ಲಿ ಎರಡನೇದು ಮಾತ್ರ ಬರೆದಿದ್ರೆ ಅಲ್ಲಿಗೆ ಕತೆ ಮುಗೀತು.

ಆಸ್ಟ್ರೇಲಿಯಾ ಇನ್ನೂ ಬಿಡಿಸಿ ಇಟ್ಟಿದೆ. ಜಿಮ್ನಾಸ್ಟಿಕ್ಸ್‌ಗೆ 452312, ಈಜಿಗೆ 452315, ಟೆನಿಸ್‌ಗೆ 452316, ಉಳಿದ ಕ್ರಿಕೆಟ್, ಬ್ಯಾಡ್ಮಿಂಟನ್, ಅಥ್ಲೆಟಿಕ್ಸ್, ಕಬಡ್ಡಿ ಎಲ್ಲಾ 452317ರಲ್ಲಿ ಬರ್ತಾವೆ. ಇವುಗಳಲ್ಲಿ ಟೆನಿಸ್ ಕೋಚ್‌ನ 2019ರಲ್ಲಿ ದೀರ್ಘಾವಧಿ ಪಟ್ಟಿಗೆ ಸೇರಿಸಿದ್ರು, ಹಾಗಾಗಿ ಟೆನಿಸ್‌ನೋರಿಗೆ ದಾರಿ ಸ್ವಲ್ಪ ಅಗಲ. ಉಳಿದೋರಿಗೆ ಅಲ್ಲಿನ ಯಾವುದಾದ್ರೂ ಒಂದು ರಾಜ್ಯದ ನಾಮಿನೇಶನ್ ಬೇಕು, ಇಲ್ಲಾ ಸ್ಪಾನ್ಸರ್ ಬೇಕು.

ನೀವು ನಿಜವಾಗ್ಲೂ ಬಿಪಿಎಡ್ ಮಾಡಿ ಹೈಸ್ಕೂಲಲ್ಲಿ ಫುಲ್ ಟೈಮ್ ಪಾಠ ಮಾಡ್ತಿದ್ರೆ ಕೋಚ್ ಕೋಡ್ ಬಿಟ್ಟು ಟೀಚರ್ ಕೋಡ್ ಸಿಗತ್ತಾ ನೋಡಿ. ಟೀಚರ್‌ಗಳಿಗೆ ಬೇಡಿಕೆ ಜಾಸ್ತಿ. ಕಷ್ಟ ಇರೋದು ಇಂಗ್ಲಿಷ್‌ದು, ಆಸ್ಟ್ರೇಲಿಯಾದ ಟೀಚರ್ ಅಸೆಸ್‌ಮೆಂಟ್‌ಗೆ (ಅರ್ಹತೆ ಪರಿಶೀಲನೆಗೆ) ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು ಬರಹಕ್ಕೆ 7, ಕೇಳೋದು ಮಾತಾಡೋದಕ್ಕೆ 8 ಬೇಕು. ಎಂಟು ಅಂದ್ರೆ ಹುಡುಗಾಟ ಅಲ್ಲ.

ಅನುಭವ ಪತ್ರ: ಫೈಲ್ ನಿಲ್ಲೋದೂ ಬೀಳೋದೂ ಇಲ್ಲೇ

ನಮ್ಮ ಕಡೆ ಶಾಲೆ, ಕ್ಲಬ್‌ಗಳಲ್ಲಿ ಕೊಡೋ ಪತ್ರ ಹೆಂಗಿರತ್ತೆ ಅಂತ ಎಲ್ಲರಿಗೂ ಗೊತ್ತು. ‘ಶ್ರೀಯುತರು ನಮ್ಮ ಸಂಸ್ಥೆಯಲ್ಲಿ ನಾಲ್ಕು ವರ್ಷಗಳ ಕಾಲ ಸೇವೆ ಸಲ್ಲಿಸಿದ್ದು, ಇವರ ನಡತೆ ಉತ್ತಮವಾಗಿರುತ್ತದೆ, ಇವರ ಮುಂದಿನ ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇವೆ’, ಕೆಳಗೆ ನೇರಳೆ ಬಣ್ಣದ ಸೀಲು, ಅಡ್ಡಾದಿಡ್ಡಿ ಸಹಿ, ತಾರೀಕು ಹಾಕೋದು ಮರೆತಿರ್ತಾರೆ. ಓದಕ್ಕೆ ಖುಷಿಯಾಗತ್ತೆ, ವೀಸಾಕ್ಕೆ ಮೂರು ಕಾಸಿನ ಪ್ರಯೋಜನ ಇಲ್ಲ. ಯಾವ ಆಟ ಇಲ್ಲ, ವಾರಕ್ಕೆ ಎಷ್ಟು ಗಂಟೆ ಇಲ್ಲ, ಸಂಬಳ ಕೊಟ್ರಾ ಇಲ್ವಾ ಅಂತಲೂ ಇಲ್ಲ.

ಬೇಕಾಗಿರೋದು ಹೀಗೆ. ಲೆಟರ್‌ಹೆಡ್, ಅದರಲ್ಲಿ ವಿಳಾಸ, ಫೋನ್ ನಂಬರ್, ಇಮೇಲ್. 2021ರ ಜೂನ್‌ನಿಂದ 2024ರ ಮಾರ್ಚ್‌ವರೆಗೆ ವಾಲಿಬಾಲ್ ಕೋಚ್ ಆಗಿ, ವಾರಕ್ಕೆ 24 ಗಂಟೆ, ತಿಂಗಳಿಗೆ ಇಂತಿಷ್ಟು ರೂಪಾಯಿ ಸಂಬಳಕ್ಕೆ ಕೆಲಸ ಮಾಡಿದ್ದಾರೆ ಅಂತ ಸ್ಪಷ್ಟವಾಗಿ ಇರ್ಬೇಕು. ಆಮೇಲೆ ಕೆಲಸ ಏನು ಅಂತ ನಾಲ್ಕೈದು ಸಾಲು: 14 ಮತ್ತು 17 ವರ್ಷದೊಳಗಿನ ತಂಡಗಳ ಆಯ್ಕೆ, ಸೀಸನ್ ಪೂರ್ತಿ ಟ್ರೇನಿಂಗ್ ಪ್ಲ್ಯಾನ್ ಮಾಡೋದು, ಸರ್ವ್ ಮತ್ತು ಬ್ಲಾಕ್ ತಂತ್ರ ತಿದ್ದೋದು, ಮ್ಯಾಚ್ ವಿಡಿಯೋ ನೋಡಿ ಎದುರಾಳಿ ತಂಡದ ವಿಶ್ಲೇಷಣೆ, ತಾಲೂಕು ಜಿಲ್ಲಾ ವಿಭಾಗ ಮಟ್ಟದ ಪಂದ್ಯಗಳಿಗೆ ಕರ್ಕೊಂಡು ಹೋಗಿ ಮ್ಯಾಚ್ ನಡೆಸೋದು, ಗಾಯ ಆದವರನ್ನ ನೋಡ್ಕೊಳ್ಳೋದು. ಪಿಟಿ ಪೀರಿಯಡ್ ತಗೊಂಡಿದ್ದು, ಪ್ರೇಯರ್‌ಗೆ ಸಾಲು ನಿಲ್ಲಿಸಿದ್ದು, ಸ್ಕೂಲ್ ಡೇಗೆ ಡ್ರಿಲ್ ಮಾಡಿಸಿದ್ದು ಬರೆಯೋ ಅಗತ್ಯ ಇಲ್ಲ. ಸುಳ್ಳಂತೂ ಬರೆಸ್ಲೇಬೇಡಿ, ಅವರು ಆ ನಂಬರ್‌ಗೆ ಫೋನ್ ಮಾಡ್ತಾರೆ, ಹೆಡ್‌ಮಾಸ್ಟ್ರು ‘ಯಾರು ಸಾರ್ ಅದು’ ಅಂದ್ರೆ ಎಲ್ಲಾ ಹೋಯ್ತು. ಅದೂ ಅಲ್ದೆ ಸುಳ್ಳು ದಾಖಲೆ ಸಿಕ್ಕಿಬಿದ್ರೆ ಕೆನಡಾ 5 ವರ್ಷ ಬಾಗಿಲು ಹಾಕತ್ತೆ.

ಆಸ್ಟ್ರೇಲಿಯಾದಲ್ಲಿ ಕೋಚ್‌ಗಳ ಸ್ಕಿಲ್ ಅಸೆಸ್‌ಮೆಂಟ್ ಮಾಡೋದು ವೆಟಸೆಸ್ ಅನ್ನೋ ಸಂಸ್ಥೆ. ಅವರು ವಾರಕ್ಕೆ ಕನಿಷ್ಠ 20 ಗಂಟೆ, ಸಂಬಳ ಇರೋ ಕೆಲಸ ಮಾತ್ರ ಲೆಕ್ಕಕ್ಕೆ ತಗೋತಾರೆ. ನಮ್ಮ ಕೋಚ್‌ಗಳಿಗೆ ಏಟು ಬೀಳೋದು ಇಲ್ಲಿ. ಏಪ್ರಿಲ್ ಮೇ ಕ್ಯಾಂಪ್, ಅದಾದ್ಮೇಲೆ ಜೂನ್‌ನಿಂದ ಮಳೆ ಹಿಡ್ಕೊಂಡ್ರೆ ತೀರ್ಥಹಳ್ಳಿ ಹೊಸನಗರ ಕಡೆ ಗ್ರೌಂಡ್ ಗದ್ದೆ ಥರ ಆಗಿರತ್ತೆ, ದಸರಾ ಕಳೆಯೋವರೆಗೆ ಹೊರಗೆ ಆಡ್ಸಕ್ಕೆ ಆಗಲ್ಲ, ದುಡ್ಡು ಕೈಗೆ ಕ್ಯಾಶ್. ಐದು ವರ್ಷ ಕೋಚಿಂಗ್ ಮಾಡಿದೀನಿ ಅಂತ ನಾವು ಅಂದ್ಕೊಂಡಿರ್ತೀವಿ, ಕಾಗದದಲ್ಲಿ ಗುಡ್ಡೆ ಹಾಕಿದ್ರೆ ಎರಡು ವರ್ಷ ಆಗಲ್ಲ.

ಹಾಗಾಗಿ ಇವತ್ತಿಂದಲೇ ಮಾಡ್ಬೇಕಾಗಿದ್ದು ಹೇಳ್ತೀನಿ. ಸಂಬಳ ಎಷ್ಟೇ ಕಮ್ಮಿ ಇರ್ಲಿ, ಬ್ಯಾಂಕ್ ಅಕೌಂಟಿಗೇ ಹಾಕಿಸ್ಕೊಳ್ಳಿ. ಪೋಷಕರು ಫೀಸು ಫೋನ್‌ಪೇ ಮಾಡಿದ್ರೆ ‘ಬ್ಯಾಡ್ಮಿಂಟನ್ ಕೋಚಿಂಗ್ ಜುಲೈ’ ಅಂತ ನೋಟ್ ಹಾಕಕ್ಕೆ ಹೇಳಿ. ಟ್ಯಾಕ್ಸ್ ಕಟ್ಟೋವಷ್ಟು ಆದಾಯ ಇಲ್ಲದಿದ್ರೂ ಐಟಿ ರಿಟರ್ನ್ಸ್ ಫೈಲ್ ಮಾಡ್ತಾ ಹೋಗಿ. ಸ್ವಂತ ಅಕಾಡೆಮಿ ಇದ್ರೆ ಅದಕ್ಕೊಂದು ರಿಜಿಸ್ಟ್ರೇಶನ್, ಗ್ರೌಂಡ್ ಅಥವಾ ಹಾಲ್ ಬಾಡಿಗೆ ರಸೀದಿ, ಹುಡುಗರ ಹಾಜರಿ ಪುಸ್ತಕ ಎಲ್ಲಾ ಇಟ್ಕೊಳ್ಳಿ. ಮಳೆಗಾಲದಲ್ಲಿ ಒಳಾಂಗಣ ಕೋರ್ಟಲ್ಲೋ ಕಾಲೇಜ್ ಜಿಮ್ಮಲ್ಲೋ ಟ್ರೇನಿಂಗ್ ಮುಂದುವರಿಸಿದ್ರೆ ಅದರದ್ದೂ ದಾಖಲೆ ಬೇಕು. ಹಳೇ ಶಾಲೆಯವರು ಈಗಿರೋ ಹೆಡ್‌ಮಾಸ್ಟ್ರು ರಿಟೈರ್ ಆಗೋಕೆ ಮುಂಚೆನೇ ಪತ್ರ ಕೊಟ್ರೆ ಒಳ್ಳೇದು, ಆಮೇಲೆ ಬಂದೋರಿಗೆ ನಿಮ್ಮ ಮುಖವೇ ಗೊತ್ತಿರಲ್ಲ.

ಕೋಚಿಂಗ್ ಸರ್ಟಿಫಿಕೇಟ್

ನಾನು ನ್ಯಾಷನಲ್ಸ್ ಆಡಿದೀನಿ ಅನ್ನೋದು ಆಟಗಾರನ ಅರ್ಹತೆ, ಕೋಚಿಂಗ್‌ಗೆ ಬೇರೆ ಕಾಗದ ಕೇಳ್ತಾರೆ. ನಮ್ಮ ದೇಶದಲ್ಲಿ ತೂಕ ಇರೋದು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾಕ್ಕೆ, 1961ರಲ್ಲಿ ಶುರುವಾದ ಸಂಸ್ಥೆ ಅದು. ಅವರದ್ದೇ ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ, ಕಲಿಯಕ್ಕೆ ಒಳ್ಳೇದೇ, ಆದ್ರೆ ಡಿಪ್ಲೊಮಾದ ತೂಕ ಅದಕ್ಕೆ ಬರಲ್ಲ. ಇದರ ಜೊತೆಗೆ ನಿಮ್ಮ ಆಟದ ಅಂತಾರಾಷ್ಟ್ರೀಯ ಸಂಸ್ಥೆ ಕೊಡೋ ಲೆವೆಲ್ ಒಂದಾದ್ರೂ ಇರ್ಲಿ: ಬ್ಯಾಡ್ಮಿಂಟನ್‌ಗೆ ಬಿಡಬ್ಲ್ಯುಎಫ್ ಲೆವೆಲ್ 1, 2, ಫುಟ್‌ಬಾಲ್‌ಗೆ ಎಎಫ್‌ಸಿ ಲೈಸೆನ್ಸ್, ಅಥ್ಲೆಟಿಕ್ಸ್‌ಗೆ ವರ್ಲ್ಡ್ ಅಥ್ಲೆಟಿಕ್ಸ್ ಲೆವೆಲ್. ದುಬೈನಲ್ಲಿ ಕೂತಿರೋ ಅಕಾಡೆಮಿ ಮಾಲೀಕನಿಗೆ ನಮ್ಮ ಡಿಪ್ಲೊಮಾ ಗೊತ್ತಿಲ್ದೆ ಇರ್ಬಹುದು, ಇವು ಗೊತ್ತಿರತ್ತೆ. ಫಸ್ಟ್ ಏಡ್ ಮತ್ತು ಸಿಪಿಆರ್ ಸರ್ಟಿಫಿಕೇಟ್ ಮಾಡ್ಕೊಳ್ಳಿ, ಖರ್ಚು ಕಮ್ಮಿ, ಎಲ್ಲಾ ಕಡೆ ಕೇಳ್ತಾರೆ. ಕುವೆಂಪು ಯೂನಿವರ್ಸಿಟಿ ಡಿಗ್ರಿ ಇದ್ರೆ ಕಾನ್ವೊಕೇಶನ್ ಸರ್ಟಿಫಿಕೇಟ್ ತಗೊಂಡಿದೀರಾ ನೋಡ್ಕೊಳ್ಳಿ, ಬರೀ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ಓಡಾಡೋರು ತುಂಬಾ ಜನ, ಕೊನೆ ಗಳಿಗೆಯಲ್ಲಿ ಶಂಕರಘಟ್ಟಕ್ಕೆ ಅಲೀಬೇಕಾಗತ್ತೆ.

ಈಗ ದೇಶಗಳು

*ಆಸ್ಟ್ರೇಲಿಯಾ.* ಪಾಯಿಂಟ್ಸ್ ವೀಸಾಕ್ಕೆ 45 ವರ್ಷದೊಳಗೆ ಇರ್ಬೇಕು, ಕನಿಷ್ಠ 65 ಪಾಯಿಂಟ್ ಬೇಕು, ಐಇಎಲ್‌ಟಿಎಸ್‌ನಲ್ಲಿ ಪ್ರತಿ ವಿಭಾಗಕ್ಕೂ 6 ಇಲ್ಲದೆ ಒಳಗೇ ಬಿಡಲ್ಲ. ಆರು ಬಂದ್ರೆ ಇಂಗ್ಲಿಷ್‌ಗೆ ಪಾಯಿಂಟ್ ಸೊನ್ನೆ, ಏಳಕ್ಕೆ 10, ಎಂಟಕ್ಕೆ 20. ಕಮ್ಮಿ ಖರ್ಚಲ್ಲಿ ಪಾಯಿಂಟ್ ಏರಿಸ್ಕೊಳ್ಳೋ ಜಾಗ ಇದೊಂದೇ, ಹಾಗಾಗಿ ಮಳೆಗಾಲದಲ್ಲಿ ಗ್ರೌಂಡ್ ಬಂದಾದಾಗ ಕೂತು ಓದಿ. ಅರವತ್ತೈದು ಆದ ತಕ್ಷಣ ಕರೀತಾರೆ ಅಂತಲ್ಲ, ಅದು ಸಾಲಲ್ಲಿ ನಿಲ್ಲೋಕೆ ಟಿಕೆಟ್ ಅಷ್ಟೆ. ಸ್ಪಾನ್ಸರ್ ಸಿಕ್ಕಿದ್ರೆ ಸಬ್‌ಕ್ಲಾಸ್ 482 ಅನ್ನೋ ವರ್ಕ್ ವೀಸಾ, ಇದರ ಹೆಸರು 2024ರ ಡಿಸೆಂಬರ್‌ನಿಂದ ಸ್ಕಿಲ್ಸ್ ಇನ್ ಡಿಮ್ಯಾಂಡ್ ಅಂತ ಆಗಿದೆ, ಪಟ್ಟಿಯೂ ಹೊಸದು, ಹಾಗಾಗಿ ಯಾರೋ ಅದಕ್ಕೂ ಮುಂಚೆ ಮಾಡಿದ ಯೂಟ್ಯೂಬ್ ವಿಡಿಯೋ ನಂಬ್ಬೇಡಿ, ಸರ್ಕಾರಿ ಸೈಟಲ್ಲಿ ನಿಮ್ಮ ಕೋಡ್ ಹಾಕಿ ಹುಡುಕಿ. ಇನ್ನೊಂದು ಸಬ್‌ಕ್ಲಾಸ್ 408, ಅದರಲ್ಲಿ ಕ್ರೀಡೆಗೆ ಅಂತಲೇ ಒಂದು ಭಾಗ ಇದೆ, ಎರಡು ವರ್ಷದವರೆಗೆ ಸಿಗತ್ತೆ, ಕ್ಲಬ್‌ನ ಕಾಂಟ್ರ್ಯಾಕ್ಟ್ ಜೊತೆಗೆ ಅಲ್ಲಿನ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಒಪ್ಪಿಗೆ ಪತ್ರ ಬೇಕು. ಪಿಆರ್ ಆಸೆಗೆ ಹೋಗೋರು 408 ಅಂದ್ರೆ ಮೂಗು ಮುರೀತಾರೆ, ನನಗೆ ಹಾಗನ್ಸಲ್ಲ, ಎರಡು ಸೀಸನ್ ಅಲ್ಲಿ ಕೆಲಸ ಮಾಡಿದ್ರೆ ಮುಂದಿನ ಸ್ಪಾನ್ಸರ್ ಹುಡುಕಕ್ಕೆ ಅದಕ್ಕಿಂತ ಒಳ್ಳೇ ರೆಫರೆನ್ಸ್ ಇಲ್ಲ. ಮಕ್ಕಳ ಜೊತೆ ಕೆಲಸ ಮಾಡೋದಕ್ಕೆ ಅಲ್ಲಿನ ರಾಜ್ಯದ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಬೇರೆ ಆಗ್ಬೇಕು.

*ಬ್ರಿಟನ್.* ಇಲ್ಲಿ ಕತೆ ಬದಲಾಗಿದೆ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈ 22ರಿಂದ ಡಿಗ್ರಿ ಮಟ್ಟದ ಕೆಲಸ ಆಗಿರ್ಬೇಕು ಅಂತ ಮಾಡಿದ್ರು, ಕೋಚ್ ಕೆಲಸ ಆ ಮಟ್ಟಕ್ಕಿಂತ ಕೆಳಗೆ ಇರೋದ್ರಿಂದ ಸಾಮಾನ್ಯ ಕೋಚ್‌ಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದ ಹಾಗೇ. ಉಳಿದಿರೋದು ಇಂಟರ್‌ನ್ಯಾಷನಲ್ ಸ್ಪೋರ್ಟ್ಸ್‌ಪರ್ಸನ್ ವೀಸಾ, 2021ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಅದಕ್ಕೆ ಆ ಆಟದ ಆಡಳಿತ ಸಂಸ್ಥೆಯ ಎಂಡಾರ್ಸ್‌ಮೆಂಟ್ ಬೇಕು, ಕ್ರಿಕೆಟ್ ಆದ್ರೆ ಇಸಿಬಿ, ಆಮೇಲೆ ಕ್ಲಬ್‌ನಿಂದ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್. ಅತ್ಯುನ್ನತ ಮಟ್ಟದ ಕೋಚ್ ಅಂತ ಸಂಸ್ಥೆ ಒಪ್ಬೇಕು, ಜಿಲ್ಲಾ ಮಟ್ಟದ ಅನುಭವ ಸಾಕಾಗಲ್ಲ. ಇಂಗ್ಲಿಷ್ ಮಾತ್ರ ಸುಲಭ, ವರ್ಷಕ್ಕಿಂತ ಜಾಸ್ತಿ ಇರೋದಾದ್ರೆ ಎ1 ಅಂದ್ರೆ ತೀರಾ ಆರಂಭದ ಮಟ್ಟ ಸಾಕು. ಹೆಲ್ತ್ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್, ಇದನ್ನ ಬಜೆಟ್ಟಲ್ಲಿ ಸೇರಿಸ್ಕೊಳ್ಳದೆ ಆಮೇಲೆ ತಲೆ ಮೇಲೆ ಕೈ ಹೊತ್ಕೊಂಡು ಕೂರೋರು ಇದ್ದಾರೆ. ಬೇಸಿಗೆಗೆ ವಿಸಿಟರ್ ವೀಸಾ ಮೇಲೆ ಬಂದು ಹಳ್ಳಿ ಕ್ಲಬ್ಬಲ್ಲಿ ಆಡ್ಕೊಂಡು ಕೋಚಿಂಗ್ ಮಾಡಿ ಸ್ವಲ್ಪ ದುಡ್ಕೊಂಡು ಹೋಗಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ವಿಸಿಟರ್ ಆಗಿ ಹೋಗಿ ಸಂಬಳಕ್ಕೆ ಕೋಚಿಂಗ್ ಮಾಡೋದು ನಿಯಮ ಮುರಿದ ಹಾಗೆ.

*ಕೆನಡಾ.* ಕೋಡ್ ವಿಷಯ ಮೇಲೆ ಹೇಳಿದೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಬರೋ ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಗೆ ಕಳೆದ 10 ವರ್ಷದೊಳಗೆ ಒಂದು ವರ್ಷ ಬಿಡದೆ ಮಾಡಿದ ಕೆಲಸ, ಒಟ್ಟು 1,560 ಗಂಟೆ ಬೇಕು, ಇಂಗ್ಲಿಷ್ ಸಿಎಲ್‌ಬಿ (ಕೆನಡಾದ ಭಾಷಾ ಅಳತೆ) 7, ನೂರಕ್ಕೆ 67 ಪಾಯಿಂಟ್. ‘ಬಿಡದೆ’ ಅನ್ನೋದು ನೋಡಿ, ಕ್ಯಾಂಪ್ ಕ್ಯಾಂಪ್ ಸೇರಿಸಿ ವರ್ಷ ಮಾಡಕ್ಕೆ ಬರಲ್ಲ. ಇಷ್ಟಾದ್ಮೇಲೆ ಪೂಲ್‌ಗೆ, ಅಂದ್ರೆ ಅರ್ಜಿದಾರರ ಸಾಲಿಗೆ, ಹೋಗಿ ಬೇರೆ ಸ್ಕೋರ್ ಲೆಕ್ಕ, ಆಗಾಗ ಡ್ರಾ ಮಾಡಿ ಕಟಾಫ್ ಮೇಲಿರೋರನ್ನ ಕರೀತಾರೆ. 2024ರಲ್ಲಿ ಎಲ್ಲರಿಗೂ ತೆರೆದ ಡ್ರಾಗಳಲ್ಲಿ ಕಟಾಫ್ 500ಕ್ಕಿಂತ ಮೇಲೇ ಇತ್ತು. ಮೊದಲು ಜಾಬ್ ಆಫರ್ ಇದ್ರೆ ಎಕ್ಸ್ಟ್ರಾ ಪಾಯಿಂಟ್ ಸಿಗ್ತಿತ್ತು, 2025ರ ಮಾರ್ಚ್‌ನಲ್ಲಿ ಅದನ್ನೂ ತೆಗೆದ್ರು. ಮೂವತ್ತು ದಾಟಿದ, ಬರೀ ಡಿಪ್ಲೊಮಾ ಇರೋ ಕೋಚ್‌ಗೆ ಇದು ಕಷ್ಟದ ದಾರಿ ಅಂತ ಮುಖದ ಮೇಲೆ ಹೇಳ್ಬಿಡ್ತೀನಿ. ಫ್ರೆಂಚ್ ಬಂದ್ರೆ ಕಟಾಫ್ ಸುಮಾರು ಇಳಿಯತ್ತೆ, ಆದ್ರೆ ಬರೀ ವೀಸಾಕ್ಕೆ ಅಂತ ಫ್ರೆಂಚ್ ಕಲಿಯೋ ತಾಳ್ಮೆ ಯಾರಿಗಿದೆ.

*ನ್ಯೂಜಿಲೆಂಡ್* ಚಿಕ್ಕ ದೇಶ, ಎರಡು ದಾರಿ ನೆನಪಿಟ್ಕೊಂಡ್ರೆ ಸಾಕು, ಮಾನ್ಯತೆ ಇರೋ ಎಂಪ್ಲಾಯರ್ ಕೊಡ್ಸೋ ವರ್ಕ್ ವೀಸಾ, ಮತ್ತೆ ಸ್ಪೆಸಿಫಿಕ್ ಪರ್ಪಸ್ ವರ್ಕ್ ವೀಸಾ, ಅದರಲ್ಲಿ ಪ್ರೊಫೆಷನಲ್ ಕೋಚ್‌ಗಳೂ ಬರ್ತಾರೆ. *ಜರ್ಮನಿಯಲ್ಲಿ* ಕೋಚ್‌ಗೆ ಅಂತಲೇ ಒಂದು ನಿಯಮ ಇದೆ, ಪೆನ್ಷನ್ ವಿಮೆಯ ಗರಿಷ್ಠ ಮಿತಿಯ ಅರ್ಧಕ್ಕಿಂತ ಕಮ್ಮಿ ಇಲ್ಲದ ಸಂಬಳ ಇರ್ಬೇಕು ಮತ್ತೆ ಅಲ್ಲಿನ ಕ್ರೀಡಾ ಫೆಡರೇಶನ್ ನಿಮ್ಮ ಅರ್ಹತೆ ದೃಢಪಡಿಸ್ಬೇಕು. *ಅಮೆರಿಕ* ಅಂದ್ರೆ ಒ-1, ಅಸಾಧಾರಣ ಸಾಮರ್ಥ್ಯದ ವೀಸಾ, ಎಂಟು ಮಾನದಂಡದಲ್ಲಿ ಮೂರಾದ್ರೂ ಹೊಂದ್ಬೇಕು, ನಿಮ್ಮ ಶಿಷ್ಯರು ಅಂತಾರಾಷ್ಟ್ರೀಯ ಪದಕ ತಂದಿದ್ರೆ ಲಾಯರ್ ಹತ್ರ ಮಾತಾಡಿ, ಇಲ್ದಿದ್ರೆ ದುಡ್ಡು ಕಳ್ಕೊಬೇಡಿ.

*ಗಲ್ಫ್.* ಮಲೆನಾಡಿನ ಕೋಚ್‌ಗೆ ಬೇಗ ಕೈಗೆಟುಕೋದು ಇದೇ. ಬ್ಯಾಡ್ಮಿಂಟನ್, ಕ್ರಿಕೆಟ್, ಈಜು ಅಕಾಡೆಮಿಗಳು ಬೇಕಾದಷ್ಟಿವೆ, ಅಲ್ಲಿ ಕಲಿಯೋ ಮಕ್ಕಳಲ್ಲಿ ನಮ್ಮವರೇ ಜಾಸ್ತಿ. ಪಾಯಿಂಟ್ಸ್ ಇಲ್ಲ, ಕಂಪನಿ ವೀಸಾ, ಪಿಆರ್ ಕನಸೂ ಇಲ್ಲ. ಕಾಂಟ್ರ್ಯಾಕ್ಟಲ್ಲಿ ಮೂಲ ಸಂಬಳ ಎಷ್ಟು, ಮನೆ ಬಾಡಿಗೆ ಯಾರದು, ಅಲ್ಲಿ ಬಿಸಿಲಿನ ಜುಲೈ ಆಗಸ್ಟಲ್ಲಿ ಬ್ಯಾಚ್ ಕಮ್ಮಿಯಾದ್ರೆ ಸಂಬಳ ಪೂರ್ತಿ ಬರತ್ತಾ, ವರ್ಷಕ್ಕೆ ಊರಿಗೆ ಟಿಕೆಟ್ ಯಾರು ಕೊಡ್ತಾರೆ, ಇವಿಷ್ಟು ಬರಹದಲ್ಲಿ ಇಲ್ದೆ ಸಹಿ ಹಾಕ್ಬೇಡಿ. ವಿಸಿಟ್ ವೀಸಾದಲ್ಲಿ ಬನ್ನಿ ಆಮೇಲೆ ಬದಲಾಯಿಸ್ತೀವಿ ಅಂದ್ರೆ ಬೇಡ ಅನ್ನಿ.

ಕಬಡ್ಡಿಯವರಿಗೆ ಒಂದು ಮಾತು. ಪಾಯಿಂಟ್ಸ್ ಪಟ್ಟಿಗಳಲ್ಲಿ ನಿಮ್ಮ ಆಟದ ಹೆಸರೇ ಇರಲ್ಲ, ಆದ್ರೆ ಬೇರೆ ದೇಶದ ಫೆಡರೇಶನ್‌ಗಳು ಕರೆಯೋದು ಭಾರತದ ಕೋಚ್‌ಗಳನ್ನೇ. 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲಲ್ಲಿ ನಮ್ಮ ಹೆಣ್ಣುಮಕ್ಕಳನ್ನ ಸೋಲಿಸಿದ ಇರಾನ್ ತಂಡದ ಕೋಚ್ ಶೈಲಜಾ ಜೈನ್, ನಾಸಿಕ್‌ನೋರು. ಇಂಥ ಕೆಲಸ ಫೆಡರೇಶನ್ ಮೂಲಕ ಬರತ್ತೆ, ಪೋರ್ಟಲಲ್ಲಿ ಅಲ್ಲ, ಹಾಗಾಗಿ ರಾಜ್ಯ ಸಂಸ್ಥೆಯವರ ಜೊತೆ ಸಂಬಂಧ ಕೆಡಿಸ್ಕೊಬೇಡಿ, ಅವರು ಎಷ್ಟೇ ತಲೆ ತಿಂದ್ರೂ.

ಹೆಸರು, ಅಪಾಸ್ಟಿಲ್, ಬೆಂಗಳೂರು ಓಡಾಟ

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್, ಆಧಾರಲ್ಲಿ ಅಪ್ಪನ ಹೆಸರು ಸೇರಿಸಿ, ಪಾಸ್‌ಪೋರ್ಟಲ್ಲಿ ಒಂದೇ ಹೆಸರು, ಕೋಚಿಂಗ್ ಸರ್ಟಿಫಿಕೇಟಲ್ಲಿ ಮನೆಯಲ್ಲಿ ಕರೆಯೋ ಹೆಸರು, ಇದು ನಮ್ಮ ಕಡೆ ಸರ್ವೇಸಾಮಾನ್ಯ. ಪಾಸ್‌ಪೋರ್ಟ್ ಮಾಡಿಸೋವಾಗ್ಲೇ ಇನಿಷಿಯಲ್ ಬಿಡಿಸಿ ಸರ್‌ನೇಮ್ ಜಾಗ ತುಂಬಿಸಿ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಕೊಡ್ತಿಲ್ಲ. ಹತ್ತನೇ ಕ್ಲಾಸ್ ಪಾಸಾಗಿದ್ರೆ ಆ ಮಾರ್ಕ್ಸ್ ಕಾರ್ಡ್ ಕೊಟ್ಟು ಇಸಿಎನ್‌ಆರ್ ಮಾಡಿಸ್ಕೊಳ್ಳಿ, ಗಲ್ಫ್‌ಗೆ ಹೋಗೋವಾಗ ಎಮಿಗ್ರೇಷನ್ ಕ್ಲಿಯರೆನ್ಸ್ ತಲೆನೋವು ತಪ್ಪತ್ತೆ.

ಕನ್ನಡದಲ್ಲಿರೋ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ ಬೇಕು. ಡಿಗ್ರಿ, ಡಿಪ್ಲೊಮಾಗೆ ಕೆಲವು ಕಡೆ ಅಪಾಸ್ಟಿಲ್ (ಕಾಗದ ಅಸಲಿ ಅಂತ ನಮ್ಮ ವಿದೇಶಾಂಗ ಇಲಾಖೆ ಹಾಕೋ ಮುದ್ರೆ) ಕೇಳ್ತಾರೆ, ಯುಎಇ ಆದ್ರೆ ಅಪಾಸ್ಟಿಲ್ ನಡೆಯಲ್ಲ, ವಿದೇಶಾಂಗ ಇಲಾಖೆ ಆದ್ಮೇಲೆ ಅವರ ಎಂಬೆಸಿ ಅಟೆಸ್ಟೇಶನ್ನೇ ಆಗ್ಬೇಕು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕ ಹಾಕಿ, ವಿಳಾಸ ಈಗಿರೋದೇ ಇರ್ಲಿ, ಇಲ್ದಿದ್ರೆ ಸಾಗರದ ಸ್ಟೇಷನ್‌ಗೂ ಶಿವಮೊಗ್ಗದ ಸ್ಟೇಷನ್‌ಗೂ ಮಧ್ಯೆ ಫೈಲ್ ಓಡಾಡತ್ತೆ. ಬಯೋಮೆಟ್ರಿಕ್, ಮೆಡಿಕಲ್, ಬ್ರಿಟನ್‌ಗಾದ್ರೆ ಟಿಬಿ ಟೆಸ್ಟ್, ಎಲ್ಲಾ ಬೆಂಗಳೂರಲ್ಲೇ. ಒಂದೇ ದಿನ ಅಪಾಯಿಂಟ್‌ಮೆಂಟ್ ಸಿಗೋ ಹಾಗಿದ್ರೆ ಬೆಳಗಿನ ಜನಶತಾಬ್ದಿಗೆ ಹೋಗಿ ರಾತ್ರಿಗೆ ವಾಪಸ್ ಬರ್ಬಹುದು.

ಏಜೆಂಟ್ ಬೇಕಾ?

ಪಾಯಿಂಟ್ಸ್ ಅರ್ಜಿ ಸ್ವಂತವಾಗಿ ಹಾಕ್ಬಹುದು, ಫಾರ್ಮ್ ಇಂಗ್ಲಿಷ್‌ನಲ್ಲಿದೆ ಅನ್ನೋದು ಬಿಟ್ರೆ ಬ್ರಹ್ಮವಿದ್ಯೆ ಏನಲ್ಲ. ಬೇಕೇ ಬೇಕು ಅಂದ್ರೆ ಆಸ್ಟ್ರೇಲಿಯಾಕ್ಕೆ ಮಾರಾ (ಅಲ್ಲಿನ ವೀಸಾ ಏಜೆಂಟರ ನೋಂದಣಿ) ನಂಬರ್ ಇರೋರು, ಕೆನಡಾಕ್ಕೆ ಅಲ್ಲಿನ ವೀಸಾ ಕನ್ಸಲ್ಟೆಂಟ್‌ಗಳ ನಿಯಂತ್ರಣ ಸಂಸ್ಥೆಯ (ಅದಕ್ಕೆ ‘ಕಾಲೇಜ್’ ಅಂತಾರೆ) ಲೈಸೆನ್ಸ್ ಇರೋ ಕನ್ಸಲ್ಟೆಂಟ್, ಗಲ್ಫ್‌ಗೆ ನಮ್ಮ ವಿದೇಶಾಂಗ ಇಲಾಖೆಯ ಇಮೈಗ್ರೇಟ್ ಪೋರ್ಟಲಲ್ಲಿ ಹೆಸರಿರೋ ರಿಕ್ರೂಟಿಂಗ್ ಏಜೆಂಟ್, ನಂಬರ್ ಕೇಳಿ ನೀವೇ ಸೈಟಲ್ಲಿ ಹಾಕಿ ನೋಡಿ. ನಮ್ಮ ಕಾನೂನಿನ ಪ್ರಕಾರ ರಿಕ್ರೂಟಿಂಗ್ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದರ ಮೇಲೆ ಕೇಳಿದ್ರೆ ರಸೀದಿ ಕೇಳಿ, ಬಣ್ಣ ಬಯಲಾಗತ್ತೆ. ಸ್ಪಾನ್ಸರ್‌ಶಿಪ್‌ಗೆ ಹದಿನೈದು ಲಕ್ಷ ಕೊಡಿ ಅನ್ನೋ ಆಸ್ಟ್ರೇಲಿಯಾ ಡೀಲ್ ಅಂತೂ ಅಪರಾಧ, 2015ರ ಡಿಸೆಂಬರ್‌ನಿಂದ ಅಲ್ಲಿ ಕೊಡೋದೂ ತಪ್ಪು ತಗೊಳ್ಳೋದೂ ತಪ್ಪು. ಭದ್ರಾವತಿ ಕಡೆಯ ಕೋಚ್ ಒಬ್ರು ಅಡಿಕೆ ತೋಟದ ಮೇಲೆ ಸಾಲ ತೆಗೆದು ಇಂಥದ್ದಕ್ಕೆ ಕೊಡಕ್ಕೆ ಹೊರಟಿದ್ರು, ಏಜೆಂಟ್ ತೋರಿಸಿದ ಆಫರ್ ಲೆಟರಲ್ಲಿ ಕ್ಲಬ್ ಇಮೇಲ್ ಬದಲು ಜಿಮೇಲ್ ಐಡಿ ಇದ್ದಿದ್ದು ಅವರ ಮಗಳ ಕಣ್ಣಿಗೆ ಬಿತ್ತು, ಬಚಾವಾದ್ರು.

ಕೊನೇದಾಗಿ ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕರಿಗೆ. ನಿಮಗೆ ಪಾಸ್‌ಪೋರ್ಟ್‌ಗೂ ಇಲಾಖೆಗೆ ತಿಳಿಸ್ಬೇಕು, ಹೊರದೇಶಕ್ಕೆ ಹೋಗಕ್ಕೂ ಅನುಮತಿ ಬೇಕು, ಅಲ್ಲಿ ಹೋಗಿ ಸಂಬಳಕ್ಕೆ ಕೆಲಸ ಮಾಡೋದು ಅಂದ್ರೆ ಇನ್ನೂ ದೊಡ್ಡ ವಿಷಯ. ಫೈಲ್ ಬಿಇಒ ಆಫೀಸಿಂದ ಡಿಡಿಪಿಐ ಆಫೀಸಿಗೆ, ಅಲ್ಲಿಂದ ಮೇಲಕ್ಕೆ ಹೋಗಿ ಬರೋ ಹೊತ್ತಿಗೆ ಕ್ಲಬ್‌ನೋರು ಬೇರೆ ಕೋಚ್ ನೋಡ್ಕೊಂಡಿರ್ತಾರೆ. ಆಫರ್ ಬರ್ಲಿ ಆಮೇಲೆ ನೋಡೋಣ ಅಂತ ಕೂರದೆ ಪಾಸ್‌ಪೋರ್ಟ್‌ದು ಈಗ್ಲೇ ಮುಗಿಸಿ, ಕೊಟ್ಟ ಅರ್ಜಿಗೆಲ್ಲ ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ.